ರೆಸಿನ್ ಕಿಟ್‌ಗೆ ಅಲ್ಟ್ರಾಸಾನಿಕ್ ಕ್ಲೀನರ್: ತುಂಬ ದಿನ ಬಳಸಿದ ಮೇಲೆ

ರೆಸಿನ್ ಅನ್ನುವ ಪ್ಲಾಸ್ಟಿಕ್‌ನಂಥ ವಸ್ತುವಿನ ಭಾಗಗಳನ್ನು ಜೋಡಿಸಿ ಪುಟ್ಟ ಮಾಡೆಲ್ ಕಟ್ಟುವವರು, ನೀರನ್ನು ಅದುರಿಸಿ ತೊಳೆಯುವ ಈ ಅಲ್ಟ್ರಾಸಾನಿಕ್ ಮಷಿನ್ ಕೊಳ್ಳುವುದು ಒಂದೇ ಆಸೆಗೆ, ಭಾಗಗಳನ್ನು ಕೈಯಲ್ಲಿ ಉಜ್ಜುವ ಕೆಲಸ ತಪ್ಪಲಿ ಅಂತ. ಆ ಕೆಲಸವೇನೂ ತಪ್ಪುವುದಿಲ್ಲ. ಆದರೂ ನನ್ನ ಮೇಜಿನ ಮೇಲೆ ಇದು ವರ್ಷಗಳಿಂದ ಜಾಗ ಹಿಡಿದು ಕೂತಿದೆ. ಅದಕ್ಕೆ ಕಾರಣ ಬೇರೆ.

ರೆಸಿನ್ ಭಾಗಗಳನ್ನು ಸಿಲಿಕೋನ್ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಅಚ್ಚಿನಿಂದ ಸಲೀಸಾಗಿ ಬಿಡಲಿ ಅಂತ ಹಚ್ಚುವ ರಿಲೀಸ್ ಏಜೆಂಟ್ ಭಾಗಕ್ಕೂ ಅಂಟಿಕೊಂಡು ಬರುತ್ತದೆ. ಅದರ ಮೇಲೆಯೇ ಪ್ರೈಮರ್ ಹೊಡೆದರೆ, ಆಮೇಲೆ ಮಾಸ್ಕಿಂಗ್ ಟೇಪ್ ಕೀಳುವಾಗ ಬಣ್ಣವೂ ಜೊತೆಗೆ ಎದ್ದು ಬರುತ್ತದೆ. ಈ ಜಿಡ್ಡಿಗೆ ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಲಿಕ್ವಿಡ್, ಹಳೆ ಟೂತ್‌ಬ್ರಷ್ ಇವೇ ಮದ್ದು. ಬರೀ ಮಷಿನ್‌ಗೆ ಹಾಕಿ ತೆಗೆದ ಭಾಗದ ಮೇಲೆ ನೀರು ಹರಡದೆ ಅಲ್ಲಲ್ಲಿ ಹನಿಯಾಗಿ ನಿಲ್ಲುವುದುಂಟು. ಹಾಗಾದರೆ ಜಿಡ್ಡು ಪೂರ್ತಿ ಹೋಗಿಲ್ಲ ಅಂತಲೇ ಲೆಕ್ಕ.

ಮಷಿನ್ ನಿಜಕ್ಕೂ ದುಡಿಯುವುದು ಎರಡನೇ ತೊಳೆತದಲ್ಲಿ. ಎರಕದಲ್ಲಿ ಭಾಗಕ್ಕೆ ಅಂಟಿಕೊಂಡೇ ಉಳಿದ ಹೆಚ್ಚುವರಿ ತುಂಡು, ಅಂದರೆ ಗೇಟ್ ಕತ್ತರಿಸಿ, ಗಾಳಿಗುಳ್ಳೆಯ ತೂತುಗಳನ್ನು ಸೂಪರ್ ಗ್ಲೂನಿಂದ ಮುಚ್ಚಿ, ಒರಟಾದ 400ರ ಉಪ್ಪುಕಾಗದದಿಂದ ಶುರುಮಾಡಿ ನಯವಾದ 800ರವರೆಗೆ ನೀರು ಹಾಕಿ ಉಜ್ಜಿರುತ್ತೇವೆ. (ಒಣಗಿದ್ದಾಗ ಉಜ್ಜಲೇಬೇಡಿ, ಆ ಪುಡಿ ಎದೆಗೆ ಒಳ್ಳೆಯದಲ್ಲ. ಮಾಸ್ಕ್ ಇರಲಿ.) ಅಷ್ಟು ಹೊತ್ತಿಗೆ ಭಾಗದ ಮೇಲೆ ಕೊರೆದ ಸಣ್ಣ ಪ್ಯಾನೆಲ್ ಗೆರೆಗಳ ತುಂಬ ಪುಡಿ ಮೆತ್ತಿಕೊಂಡಿರುತ್ತದೆ. ಬ್ರಷ್ಷಿನ ಎಳೆ ಅಲ್ಲಿಗೆ ಸರಿಯಾಗಿ ಇಳಿಯುವುದಿಲ್ಲ. ಮಷಿನ್ ಆನ್ ಮಾಡಿ ನೋಡಿ: ಗೆರೆ ಗೆರೆಯಿಂದ ಪುಡಿ ಹಾಲಿನ ಎಳೆಯ ಹಾಗೆ ಬಿಚ್ಚಿಕೊಂಡು ನೀರಿಗಿಳಿಯುತ್ತದೆ. ಇಂಥ ಮಷಿನ್‌ಗಳು ಸಾಮಾನ್ಯವಾಗಿ ಸೆಕೆಂಡಿಗೆ ಸುಮಾರು 40,000 ಸಲ ಅದುರುತ್ತವೆ. ಆಗ ನೀರಲ್ಲಿ ಹುಟ್ಟುವ ಸಣ್ಣ ಗುಳ್ಳೆಗಳು ಒಡೆಯುವ ಹೊಡೆತಕ್ಕೆ ಪುಡಿ ಕಿತ್ತು ಬರುತ್ತದೆ. ಇದನ್ನು ಕೈಯಲ್ಲಿ ಮಾಡಲು ಆಗಲ್ಲ ಬಿಡಿ.

ತಕರಾರುಗಳೂ ಇವೆ. ಜೊತೆಗೆ ಕೊಟ್ಟ ಬುಟ್ಟಿಯ ಕಿಂಡಿಗಳಲ್ಲಿ ಸಣ್ಣ ಭಾಗಗಳು ನುಸುಳಿ ಹೋಗುತ್ತವೆ. ಅದಕ್ಕೇ ನಾನು ಅವನ್ನು ಸೋಪುನೀರು ತುಂಬಿದ ಪುಟ್ಟ ಗಾಜಿನ ಬಾಟಲಿಗೆ ಹಾಕಿ, ಬಾಟಲಿಯನ್ನೇ ತೊಟ್ಟಿಯಲ್ಲಿ ನಿಲ್ಲಿಸುತ್ತೇನೆ. ಕಂಪನ ಗಾಜನ್ನು ದಾಟಿ ಚೆನ್ನಾಗಿಯೇ ಒಳಗೆ ಹೋಗುತ್ತದೆ. ಕೀರಲು ಸದ್ದು ಕಿವಿಗೆ ಹಿಂಸೆ, ಪಕ್ಕದ ಕೋಣೆಗೆ ಹೋಗಿ ಕೂರುವುದೇ ವಾಸಿ. ಹೀಟರ್ ಬಟನ್ ನಾನು ಮುಟ್ಟುವುದಿಲ್ಲ. ಬಿಸಿಗೆ ರೆಸಿನ್ ಮೆತ್ತಗಾಗಿ ಮಾಡೆಲ್‌ನ ಕತ್ತಿ, ಆಂಟೆನಾದಂಥ ತೆಳು ಭಾಗಗಳು ಬಾಗುತ್ತವೆ. ಥಿನ್ನರ್, ಸ್ಪಿರಿಟ್ ಅಂತೂ ತೊಟ್ಟಿಗೆ ಸುರಿಯಲೇಬೇಡಿ, ಆವಿಗೆ ಬೆಂಕಿ ಹತ್ತೀತು.

ಹಳೆಯದಾದ ಮಷಿನ್‌ನಲ್ಲಿ ಇನ್ನೂ ದಮ್ಮಿದೆಯಾ ಅಂತ ನೋಡಲು ಅಲ್ಯೂಮಿನಿಯಂ ಫಾಯಿಲ್ ತುಂಡೊಂದನ್ನು ನೀರಲ್ಲಿ ಇಳಿಬಿಡಿ. ಸ್ವಲ್ಪ ಹೊತ್ತಿಗೆ ಅದರ ತುಂಬ ಚುಕ್ಕಿ ತೂತುಗಳು ಬಿದ್ದರೆ ಸರಿ. ನನ್ನದರಲ್ಲಿ ಈಗ ಮಧ್ಯಭಾಗದಲ್ಲಿ ಮಾತ್ರ ತೂತು ಬೀಳುತ್ತಿದೆ, ಅಂಚಿನಲ್ಲಿ ಸುಕ್ಕಷ್ಟೇ. ಹಾಗಾಗಿ ಗೆರೆ ಜಾಸ್ತಿ ಇರುವ ಭಾಗಗಳಿಗೆ ನಡುವಿನ ಜಾಗ ಮೀಸಲು.