ಕಂಟೇನರ್ ಮನೆಯೋ, ಪಫ್ ಪ್ಯಾನೆಲ್ ಕ್ಯಾಬಿನ್ನೋ?

ರಸ್ತೆ ಕೆಲಸದವನು ನಾನು. ವರ್ಷ ಒಂದೂವರೆ ವರ್ಷಕ್ಕೊಮ್ಮೆ ಗಂಟುಮೂಟೆ ಕಟ್ಟಲೇಬೇಕು. ಪ್ರತಿ ಸಲ ಬಾಡಿಗೆ ಮನೆ ಹುಡುಕು, ಅಡ್ವಾನ್ಸ್ ಕೊಡು, ಬಿಡುವಾಗ ಪೇಂಟಿಂಗ್ ಹೆಸರಲ್ಲಿ ಅದರಲ್ಲೇ ಕಳೆದುಕೋ. ಸಾಕಾಗಿ ಮನೆಯನ್ನೇ ಹೊತ್ತುಕೊಂಡು ಹೋಗೋಣ ಅಂತ ಹೊರಟೆ.

ಮೊದಲು ಸುರತ್ಕಲ್‌ನಲ್ಲಿ 20 ಅಡಿಯ ಹಳೆ ಕಂಟೇನರ್, ಹಡಗಲ್ಲಿ ಸಾಮಾನು ಸಾಗಿಸುವ ಉಕ್ಕಿನ ಪೆಟ್ಟಿಗೆ. ಅಗಲ ಬರೀ 8 ಅಡಿ. ಮಂಚ ಅಡ್ಡ ಹಾಕಿದರೆ ಆಚೆ ದಾಟಲು ಮಂಚ ಹತ್ತಿಯೇ ಇಳಿಯಬೇಕು. ದುಡ್ಡು ಉಳಿಸಲು ಸೆಕೆ ತಡೆಯುವ ಒಳಪದರ ಹಾಕಿಸಿರಲಿಲ್ಲ. ಏಪ್ರಿಲ್ ಸೆಕೆಗೆ ಗೋಡೆ ದೋಸೆ ಕಾವಲಿ ಆಯ್ತು. ಮಳೆಗಾಲದಲ್ಲಿ ಎದುರಿಗಿದ್ದವರ ಮಾತೂ ಕೇಳದಷ್ಟು ಸದ್ದು. ಕಂಟೇನರ್ ಉಕ್ಕು ಸುಲಭಕ್ಕೆ ತುಕ್ಕು ಹಿಡಿಯದು, ನಿಜ. ಆದರೆ ಕಿಟಕಿಗೆಂದು ಕೊಯ್ದು ವೆಲ್ಡ್ ಮಾಡಿದ ಅಂಚಿಗೆ ಕಡಲ ಗಾಳಿ ತಾಗಿತು. ಬೆರಳಿಟ್ಟರೆ ಕೆಂಪು ಪುಡಿ. ಕೊನೆಗೆ ಮೇಲೊಂದು ಶೀಟಿನ ಮಾಡು ಹಾಕಿಸಿದೆ. ಆಮೇಲೆ ಬದುಕಿದೆವು.

ಪಡುಬಿದ್ರಿಗೆ ಹೋದ ಮೇಲೆ ಮನೆಯವಳ ಒತ್ತಾಯಕ್ಕೆ ಅದನ್ನು ಮಾರಿ ಪಫ್ ಪ್ಯಾನೆಲ್ ಕ್ಯಾಬಿನ್ ತಗೊಂಡೆ. ಇದರ ಗೋಡೆ ಅಂದರೆ ಎರಡು ತಗಡಿನ ನಡುವೆ 50 ಮಿಲಿಮೀಟರ್ ಫೋಮ್. ಇರಲಿಕ್ಕೆ ಇದೇ ಸುಖ ಮಾರಾಯ್ರೆ! ಹಗಲು ಒಂದು ಫ್ಯಾನ್ ಸಾಕು, ಮಳೆಯ ಸದ್ದೂ ಕಡಿಮೆ. ಬೇಕಾದಷ್ಟು ಅಗಲ ಹೇಳಿ ಮಾಡಿಸಬಹುದು. ಆದರೆ ತೀರಾ ಅಗಲವಾದರೆ ಲಾರಿ ಮೇಲೆ ಕೂರುವುದಿಲ್ಲ, ನೆನಪಿರಲಿ.

ಅಸಲಿ ಪರೀಕ್ಷೆ ಎತ್ತುವ ದಿನ. ಖಾಲಿ ಕಂಟೇನರ್ ಎರಡು ಟನ್‌ಗಿಂತ ಜಾಸ್ತಿ ತೂಗಿದರೂ ಅದರ ಮೂಲೆಗಳು ಎತ್ತಲಿಕ್ಕೆಂದೇ ಇರುವಂಥವು. ಸುರತ್ಕಲ್‌ನಿಂದ ಪಡುಬಿದ್ರಿಗೆ ತಂದಾಗ ಗೋಡೆಯ ಕ್ಯಾಲೆಂಡರ್ ಕೂಡ ಬಿದ್ದಿರಲಿಲ್ಲ. ಹಗುರದ ಕ್ಯಾಬಿನ್ ಬ್ರಹ್ಮಾವರ ತಲುಪುವಷ್ಟರಲ್ಲಿ ಸೊಟ್ಟಗಾಗಿತ್ತು. ಬಾಗಿಲು ಹಾಕಲು ಬರಲಿಲ್ಲ. ಪ್ಯಾನೆಲ್ ಸಂದು ಬಿಟ್ಟು ಮೊದಲ ಮಳೆಗೇ ಅಕ್ಕಿ ಡಬ್ಬದ ಮೇಲೆ ತೊಟ್ಟಿಕ್ಕಿತು. ಸಂದು ಮುಚ್ಚಲು ಸಿಲಿಕಾನ್ ಅಂಟು ಬಳಿದದ್ದಕ್ಕೆ ಲೆಕ್ಕವಿಲ್ಲ.

ಎರಡಕ್ಕೂ ಒಂದೇ ಗೋಳು: ಜಾಗ. ತೋಟದ ಓಣಿಯ ಬಾಯಲ್ಲಿ ಕರೆಂಟು ತಂತಿ ನೋಡಿ ಕ್ರೇನಿನವನು, "ಅಣ್ಣ, ಮನೆ ಹೋಗ್ತದೆ, ಗಾಡಿ ಹೋಗುದಿಲ್ಲ" ಅಂದ. ನೀರು, ಶೌಚದ ಗುಂಡಿ ಪ್ರತಿ ಊರಲ್ಲೂ ಹೊಸದಾಗಿ ಆಗಬೇಕು. ತಾತ್ಕಾಲಿಕ ಕರೆಂಟಿಗೆ ದರವೂ ಜಾಸ್ತಿ.

ಮೂರ್ನಾಲ್ಕು ವರ್ಷ ಒಂದೇ ಕಡೆ ಇರುವವರು ಕಣ್ಣು ಮುಚ್ಚಿ ಕ್ಯಾಬಿನ್ ತಗೊಳ್ಳಿ. ನನ್ನಂಥ ಅಲೆಮಾರಿಗೆ ಕಂಟೇನರೇ ಸರಿ. ಒಳಪದರ ಮಾತ್ರ ಮೊದಲೇ ಹಾಕಿಸಿ. ಮುಂದಿನ ಕೆಲಸ ಕುಂದಾಪುರದಲ್ಲಿ. ಕಂಟೇನರ್ ನೋಡಿ ಇಟ್ಟಿದ್ದೇನೆ, ಮನೆಯವಳಿಗೆ ಇನ್ನೂ ಹೇಳಿಲ್ಲ.