ಸಿಪ್ಯಾಟ್ ತಯಾರಿ: ತೂಕದ ಜಾಕೆಟ್ಟಿಗಿಂತ ಮೊದಲು ಅಭ್ಯಾಸದ ಸರದಿ

ಅಗ್ನಿಶಾಮಕ ದಳ ಸೇರಬಯಸುವವರ ದೇಹಶಕ್ತಿಯ ಪರೀಕ್ಷೆಯಾದ ಸಿಪ್ಯಾಟ್‌ಗೆ (CPAT) ಹೆಸರು ಕೊಡುವಾಗ ಒಂದು ಕಾಗದಕ್ಕೆ ಸಹಿ ಹಾಕಿದರೆ ಸಾಕು, ಪರಿಚಯದ ತರಗತಿಗಳನ್ನೂ ಗಡಿಯಾರ ಹಿಡಿದು ಮಾಡಿಸುವ ಅಭ್ಯಾಸ ಪರೀಕ್ಷೆಗಳನ್ನೂ ಬಿಟ್ಟುಕೊಡಬಹುದು. ದಯವಿಟ್ಟು ಬಿಟ್ಟುಕೊಡಬೇಡಿ. ಈ ಪರೀಕ್ಷೆಗೆಂದು ಮಾರುಕಟ್ಟೆಯಲ್ಲಿ ಸಿಗುವ ತೂಕದ ಜಾಕೆಟ್, ಭಾರ ಹೇರಿ ಎಳೆಯುವ ಸ್ಲೆಡ್, ಆನ್‌ಲೈನ್ ತರಬೇತಿ ಎಲ್ಲವನ್ನೂ ಒಂದು ತಕ್ಕಡಿಗೆ ಹಾಕಿ, ಎರಡು ತರಗತಿ, ಎರಡು ಅಭ್ಯಾಸ ಪರೀಕ್ಷೆಯ ಈ ನಾಲ್ಕು ದಿನಗಳನ್ನು ಇನ್ನೊಂದಕ್ಕೆ ಹಾಕಿದರೂ ಈ ದಿನಗಳೇ ಹೆಚ್ಚು ತೂಗುತ್ತವೆ. ಅಮೆರಿಕದಲ್ಲಿ ನೆಲೆಸಿರುವ ಕನ್ನಡದ ಮನೆಗಳಿಂದ ಅಗ್ನಿಶಾಮಕ ದಳಕ್ಕೆ ಹೋಗಬೇಕೆನ್ನುವ ಹುಡುಗ ಹುಡುಗಿಯರಿಗೆ, ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದಕ್ಕೆ ಬೇಡ ಎಂದು ತಿಳಿಯಲಿ ಎಂಬುದಕ್ಕೆ ಈ ವಿಮರ್ಶೆ.

ಮೊದಲು ಪರೀಕ್ಷೆಯ ಸ್ವರೂಪ. ಅಗ್ನಿಶಾಮಕ ನೌಕರರ ಸಂಘ ಐಎಎಫ್‌ಎಫ್ ಮತ್ತು ಮುಖ್ಯಾಧಿಕಾರಿಗಳ ಸಂಘ ಐಎಎಫ್‌ಸಿ ಒಟ್ಟಾಗಿ, ನ್ಯೂಯಾರ್ಕ್, ಫೀನಿಕ್ಸ್, ಸಿಯಾಟಲ್, ಕೆನಡಾದ ಕ್ಯಾಲ್ಗರಿ ಸೇರಿದಂತೆ ಹತ್ತು ಇಲಾಖೆಗಳ ಜೊತೆ ಕೂತು 1990ರ ದಶಕದ ಕೊನೆಯಲ್ಲಿ ರೂಪಿಸಿದ್ದು ಇದು. ಎಂಟು ಘಟ್ಟಗಳು, ಒಂದೇ ಓಘದಲ್ಲಿ, 10 ನಿಮಿಷ 20 ಸೆಕೆಂಡಿನೊಳಗೆ: ಮೆಟ್ಟಿಲು ಹತ್ತುವುದು, ನೀರಿನ ಹೋಸ್ ಎಳೆಯುವುದು, ಎರಡು ಗರಗಸ ಒಯ್ಯುವುದು, ಏಣಿ ನಿಲ್ಲಿಸುವುದು, ಸಮ್ಮಟಿಗೆಯಿಂದ ಗುರಿಹಲಗೆ ಸರಿಸುವುದು, ಕತ್ತಲ ಸುರಂಗದಲ್ಲಿ ಅಂಬೆಗಾಲಿಡುವುದು, ಆಳಿನ ತೂಕದ ಗೊಂಬೆ ಎಳೆಯುವುದು, ಕೋಲಿನಿಂದ ಚಾವಣಿ ನೂಕಿ ಕೀಳುವುದು. ಅಂಕಗಳಿಲ್ಲ, ಪಾಸು ಇಲ್ಲವೇ ಫೇಲು. ಮೈಮೇಲೆ ಉದ್ದಕ್ಕೂ 50 ಪೌಂಡಿನ (22.68 ಕೆ.ಜಿ.) ಜಾಕೆಟ್. ಮೊದಲ ಘಟ್ಟವಾದ ಮೆಟ್ಟಿಲು ಹತ್ತುವಾಗ ಮಾತ್ರ ಎರಡೂ ಹೆಗಲ ಮೇಲೆ 12.5 ಪೌಂಡಿನ ಒಂದೊಂದು ಚೀಲ ಹೆಚ್ಚುವರಿ. ಅಂದರೆ ಒಟ್ಟು 75 ಪೌಂಡು, 34 ಕೆ.ಜಿ. ನೀವು 60 ಕೆ.ಜಿ. ಇದ್ದರೂ ಅಷ್ಟೇ, 95 ಇದ್ದರೂ ಅಷ್ಟೇ. ಬೆಂಕಿಗೆ ಆಳಿನ ತೂಕ ಗೊತ್ತಿಲ್ಲ ಎಂಬ ನ್ಯಾಯ ಇಲ್ಲಿದೆ, ಸರಿಯಾದದ್ದೇ. ಆದರೆ ಸಣ್ಣ ಮೈಕಟ್ಟಿನವರು ಹೆಚ್ಚು ವಾರ ತಯಾರಿ ಮಾಡಬೇಕು ಎಂಬುದೂ ಅದರಿಂದಲೇ ಬರುತ್ತದೆ. ಪರೀಕ್ಷೆಯಲ್ಲಿ ಮಹಿಳೆಯರಿಗೆ ತಾರತಮ್ಯವಾಗುತ್ತಿದೆ ಎಂಬ ಪ್ರಶ್ನೆ ಅಮೆರಿಕದ ಸಮಾನ ಉದ್ಯೋಗಾವಕಾಶ ಆಯೋಗದ ಮುಂದೆ ಬಂದು, 2006ರ ಒಪ್ಪಂದದ ನಂತರವೇ ಆ ಪರಿಚಯ ತರಗತಿ, ಅಭ್ಯಾಸ ಪರೀಕ್ಷೆಗಳು ಕಡ್ಡಾಯವಾಗಿ ಒದಗಿಸಬೇಕಾದ ಸೇವೆಗಳಾದವು. ಬೇರೆಯವರು ಹೋರಾಡಿ ತಂದುಕೊಟ್ಟ ಹಕ್ಕು; ಒಂದು ಸಹಿಗೆ ಕಳೆದುಕೊಳ್ಳುವುದು ನಷ್ಟ.

ಈಗ ಲೆಕ್ಕ. ಮೆಟ್ಟಿಲು ಯಂತ್ರದ ಮೇಲೆ 20 ಸೆಕೆಂಡು ನಿಮಿಷಕ್ಕೆ 50 ಮೆಟ್ಟಿಲಿನ ವೇಗದಲ್ಲಿ ಮೈ ಬಿಸಿಮಾಡಿಕೊಳ್ಳಲು. ಅದು ಮುಗಿದ ಕ್ಷಣಕ್ಕೆ ಗಡಿಯಾರ ಶುರು. ಆಮೇಲೆ 3 ನಿಮಿಷ, ನಿಮಿಷಕ್ಕೆ 60. ಯಂತ್ರದ ವೇಗ ನಿಮ್ಮ ಕೈಯಲ್ಲಿಲ್ಲ, ಹಾಗಾಗಿ ಅಲ್ಲಿ ಒಂದು ಸೆಕೆಂಡನ್ನೂ ಉಳಿಸಲಾಗದು. ಉಳಿದದ್ದು 7 ನಿಮಿಷ 20 ಸೆಕೆಂಡು, ಅಂದರೆ 440 ಸೆಕೆಂಡು. ಘಟ್ಟದಿಂದ ಘಟ್ಟಕ್ಕೆ 85 ಅಡಿ ನಡಿಗೆ, ಒಂದಕ್ಕೆ ಸುಮಾರು 20 ಸೆಕೆಂಡಿನಂತೆ ಏಳು ನಡಿಗೆಗೆ 140. ಮಿಕ್ಕ 300 ಸೆಕೆಂಡು ಏಳು ಘಟ್ಟಗಳಿಗೆ. ಒಂದೊಂದಕ್ಕೆ ಸರಾಸರಿ 43. ಕೇಳಲು ಕಡಿಮೆ ಅನಿಸುತ್ತದೆ. ಆದರೆ ಏಣಿ, ಗರಗಸ ಒಯ್ಯುವುದು ಇವು ಬೇಗ ಮುಗಿಯುತ್ತವೆ. ಗೊಂಬೆ ಎಳೆಯುವುದೂ ಚಾವಣಿ ಕೀಳುವುದೂ ಸಮಯ ತಿನ್ನುತ್ತವೆ. ಸಮಯ ಮೀರಿ ಸೋಲುವವರು ನಿಧಾನವಾಗಿ ನಡೆದು ಸೋಲುವುದಲ್ಲ, ಮೆಟ್ಟಿಲಿನಲ್ಲಿ ಕಾಲಿನ ಕಸುವೆಲ್ಲ ಕಳೆದುಕೊಂಡು ಕೊನೆಯ ಎರಡು ಘಟ್ಟಗಳಲ್ಲಿ ನಿಂತುಬಿಟ್ಟು ಸೋಲುತ್ತಾರೆ.

ಅಭ್ಯಾಸ ಸೇವೆ

ಪರವಾನಗಿ ಪಡೆದ ಪ್ರತಿ ಕೇಂದ್ರವೂ ಪರೀಕ್ಷೆಗೆ ಮುಂಚಿನ ಎಂಟು ವಾರದೊಳಗೆ ಕನಿಷ್ಠ ಎರಡು ಪರಿಚಯ ತರಗತಿ, ಕೊನೆಯ 30 ದಿನದೊಳಗೆ ಕನಿಷ್ಠ ಎರಡು ಗಡಿಯಾರದ ಅಭ್ಯಾಸ ಕೊಡಬೇಕು, ಅದೂ ನಿಜವಾದ ಸಲಕರಣೆಗಳ ಮೇಲೆ. ಇದರ ಬೆಲೆ ಸಲಕರಣೆ ಮುಟ್ಟಿದಾಗಲೇ ತಿಳಿಯುವುದು. ಸಮ್ಮಟಿಗೆ ಎಲ್ಲಿ ಬಿದ್ದರೆ ಗುರಿಹಲಗೆ ಬೇಗ ಸರಿಯುತ್ತದೆ, ಗೊಂಬೆಯ ಪಟ್ಟಿಯನ್ನು ಒಂದು ಕೈಯಲ್ಲಿ ಹಿಡಿಯಬೇಕೋ ಎರಡರಲ್ಲೋ, ಕತ್ತಲ ಸುರಂಗದಲ್ಲಿ ಹೆಲ್ಮೆಟ್ಟು ಎಲ್ಲಿ ತಾಗುತ್ತದೆ, ಇವೆಲ್ಲ ವೀಡಿಯೊ ನೋಡಿ ಬರುವ ವಿದ್ಯೆಯಲ್ಲ.

ಒಂದು ಕೊರತೆಯಿದೆ. ಅಭ್ಯಾಸ ಪರೀಕ್ಷೆ ಕೊನೆಯ ತಿಂಗಳಲ್ಲಿ ಬರುವುದರಿಂದ, ಅಲ್ಲಿ ದೌರ್ಬಲ್ಯ ಕಂಡರೆ ತಿದ್ದಿಕೊಳ್ಳಲು ನಾಲ್ಕು ವಾರವೂ ಉಳಿದಿರುವುದಿಲ್ಲ. ಕಾಲಿನ ಬಲ ನಾಲ್ಕು ವಾರದಲ್ಲಿ ಹುಟ್ಟುವುದಿಲ್ಲ. ಆದ್ದರಿಂದ ಮೊದಲ ಪರಿಚಯ ತರಗತಿಯನ್ನು ಎಂಟನೇ ವಾರದಲ್ಲೇ, ಸಿಕ್ಕ ಮೊದಲ ದಿನಕ್ಕೇ ಹಿಡಿಯಿರಿ. ಎರಡನೆಯದಕ್ಕೆ ಎರಡು ಮೂರು ವಾರ ಬಿಡಿ. ಎರಡನ್ನೂ ಒಂದೇ ವಾರಾಂತ್ಯದಲ್ಲಿ ಮುಗಿಸಿದರೆ ಅರ್ಧ ಪ್ರಯೋಜನ ಹೋದಂತೆ. ಗಡಿಯಾರದ ಮೊದಲ ಅಭ್ಯಾಸದಲ್ಲಿ ಪಾಸಾಗುವುದಕ್ಕಿಂತ ಪ್ರತಿ ಘಟ್ಟದ ಸಮಯ ಬರೆಸಿಕೊಳ್ಳುವುದು ಮುಖ್ಯ. ಜೊತೆಗೆ ಬಂದವರ ಕೈಗೆ ಒಂದು ಚೀಟಿ, ಪೆನ್ನು ಕೊಟ್ಟಿರಿ.

ತೂಕದ ಜಾಕೆಟ್

ಕೊಳ್ಳಲೇಬೇಕಾದ ಒಂದೇ ವಸ್ತು ಇದು, ಮತ್ತು ಹೆಚ್ಚಿನವರು ತಪ್ಪು ಕೊಳ್ಳುವ ವಸ್ತುವೂ ಇದೇ. ಕ್ರಾಸ್‌ಫಿಟ್‌ನವರು ಬಳಸುವ ತಗಡು ಜಾಕೆಟ್ಟುಗಳು 14 ಅಥವಾ 20 ಪೌಂಡಿಗೆ ಹೊಂದಿಕೊಂಡಂಥವು. ನೋಡಲು ಚೆಂದ, ಮೈಗೆ ಬಿಗಿ, ಆದರೆ 50ಕ್ಕೆ ಮುಟ್ಟುವುದಿಲ್ಲ. ನಿಮಗೆ ಬೇಕಾದದ್ದು ಸಣ್ಣ ಸಣ್ಣ ಜೇಬುಗಳಲ್ಲಿ ಕಬ್ಬಿಣದ ಪಟ್ಟಿಯನ್ನೋ ಮರಳಿನ ಪೊಟ್ಟಣವನ್ನೋ ತುಂಬುವ, 50 ಅಥವಾ 60 ಪೌಂಡಿನವರೆಗೆ ಏರಿಸಬಹುದಾದ ಜಾಕೆಟ್. ಕಬ್ಬಿಣದ ಪಟ್ಟಿಯದ್ದು ತೆಳು, ಕೈಯಾಡಿಸಲು ಸಲೀಸು, ಬೆಲೆ ಹೆಚ್ಚು. ಮರಳಿನದ್ದು ಅಗ್ಗ, ಆದರೆ ಎದೆಯ ಮುಂದೆ ಉಬ್ಬಿಕೊಂಡು ಅಂಬೆಗಾಲಿಡುವಾಗ ನೆಲಕ್ಕೆ ತಾಗುತ್ತದೆ, ಕೆಲವು ತಿಂಗಳಲ್ಲಿ ಹೊಲಿಗೆಯಿಂದ ಸೋರುತ್ತದೆ.

ಕೊಳ್ಳುವ ಮುನ್ನ ಮೂರು ಸಂಗತಿ ನೋಡಿ. ಹೆಗಲ ಪಟ್ಟಿ ಕನಿಷ್ಠ ನಾಲ್ಕು ಬೆರಳಗಲ ಇರಬೇಕು. ಕಿರಿದಾದರೆ ಕತ್ತಿನ ಬುಡಕ್ಕೆ ಕೊರೆದು ಕೈ ಜೋಮು ಹಿಡಿಯುತ್ತದೆ. ಉದ್ದ ಸೊಂಟದ ಮೂಳೆಗಿಂತ ಕೆಳಗಿಳಿಯಬಾರದು. ಇಳಿದರೆ ಪ್ರತಿ ಮೆಟ್ಟಿಲಿಗೂ ತೊಡೆ ಬಂದು ಬಡಿಯುತ್ತದೆ. ಪಕ್ಕದ ಬೆಲ್ಟು ಬಿಗಿದ ಮೇಲೆ ಕುಪ್ಪಳಿಸಿದರೆ ತೂಕ ಅಲುಗಾಡಬಾರದು. ತೂಕವನ್ನು ಮುಂದೆ ಹಿಂದೆ ಸಮನಾಗಿ ಹಂಚಿ. ಬೆನ್ನಿಗೆ ಹೆಚ್ಚು ತುಂಬಿದರೆ ಮೆಟ್ಟಿಲ ಮೇಲೆ ಮೈ ಹಿಂದಕ್ಕೆ ವಾಲಿ, ಕೈ ತಾನಾಗಿ ಕಂಬಿಗೆ ಹೋಗುತ್ತದೆ. ಹೆಚ್ಚುವರಿ 25 ಪೌಂಡಿಗೆ ಬೆನ್ನುಚೀಲ ಬಳಸುವುದೂ ಇದೇ ಕಾರಣಕ್ಕೆ ತಪ್ಪು, ಐದೂವರೆ ಕೆ.ಜಿ. ಮರಳಿನ ಎರಡು ಗಟ್ಟಿ ಬಟ್ಟೆಯ ಚೀಲ ಹೊಲಿದು, ಒಂದು ಪಟ್ಟಿಯಿಂದ ಜೋಡಿಸಿ ಎರಡೂ ಹೆಗಲ ಮೇಲೆ ಇಟ್ಟುಕೊಳ್ಳಿ. ಜಾಕೆಟ್ ತೊಟ್ಟು ರಸ್ತೆಯಲ್ಲಿ ಓಡಬೇಡಿ. ಪರೀಕ್ಷೆಯಲ್ಲಿ ಹೋಸ್ ಎಳೆಯುವಾಗ ಬಿಟ್ಟರೆ ಓಡುವಂತೆಯೇ ಇಲ್ಲ; ಮಂಡಿ ಮಾತ್ರ ಹಾಳು.

ಸ್ಟೆಪ್‌ಮಿಲ್

ಜಿಮ್ ಹುಡುಕುವಾಗ ಕೇಳಬೇಕಾದ ಒಂದೇ ಪ್ರಶ್ನೆ: ಮೆಟ್ಟಿಲುಗಳು ಸುತ್ತಿಕೊಂಡು ಇಳಿದುಬರುವ ಸ್ಟೆಪ್‌ಮಿಲ್ ಇದೆಯೇ? ಪೆಡಲು ತುಳಿಯುವ ಸ್ಟೆಪ್ಪರ್ ಇದಕ್ಕೆ ಬದಲಲ್ಲ. ಅದರಲ್ಲಿ ಕಾಲನ್ನು ಪೂರ್ತಿ ಎತ್ತಿ ಮೈಯನ್ನು ಮೇಲಕ್ಕೆ ಒಯ್ಯುವ ಕೆಲಸವೇ ಇಲ್ಲ. ಪರದೆಯ ಮೇಲಿನ ‘ಲೆವೆಲ್’ ಅಂಕಿ ನಿಮಿಷದ ಮೆಟ್ಟಿಲಲ್ಲ. 30 ಸೆಕೆಂಡು ಎಣಿಸಿ, 30 ಮೆಟ್ಟಿಲು ಬಂದರೆ ಅದು ಪರೀಕ್ಷೆಯ ವೇಗ. ಯಂತ್ರ ಸಿಗದಿದ್ದರೆ ಎತ್ತರದ ಕಟ್ಟಡದ ಮೆಟ್ಟಿಲು ಪರವಾಗಿಲ್ಲ, ಆದರೆ ಇಳಿಯುವಾಗ ಲಿಫ್ಟು ಹಿಡಿಯಿರಿ, ಇಲ್ಲವೇ ಭಾರ ಕಳಚಿ ಇಳಿಯಿರಿ.

ಏನು ಕೆಡುತ್ತದೆ? ಎಲ್ಲಕ್ಕಿಂತ ಹೆಚ್ಚಾಗಿ, ಕಂಬಿ ಹಿಡಿಯುವ ಚಾಳಿ. ಪರೀಕ್ಷೆಯಲ್ಲಿ ಸಮತೋಲ ತಪ್ಪಿದಾಗ ಕಂಬಿಯನ್ನೋ ಗೋಡೆಯನ್ನೋ ಕ್ಷಣಮಾತ್ರ ಮುಟ್ಟಬಹುದು. ಹಿಡಿದರೆ ಅಥವಾ ಮೈಭಾರ ಬಿಟ್ಟರೆ ಎಚ್ಚರಿಕೆ. ಎರಡು ಎಚ್ಚರಿಕೆ ಆದಮೇಲೆ ಮೂರನೆಯದಕ್ಕೆ ಮನೆಗೆ. ಆ ಮೂರು ನಿಮಿಷದಲ್ಲಿ ಬಿದ್ದರೂ, ಇಳಿದರೂ ಅಲ್ಲಿಗೇ ಮುಗಿಯಿತು. ಮೊದಲ ದಿನದಿಂದಲೇ ಕೈ ಬಿಟ್ಟು ಹತ್ತಿ. ವೇಗ ತಗ್ಗಿಸಿಕೊಂಡರೂ ಸರಿ, ಕಂಬಿ ಬೇಡ. ಎರಡನೇ ತಪ್ಪು ತುದಿಗಾಲಲ್ಲಿ ಹತ್ತುವುದು. ಒಂದೂವರೆ ನಿಮಿಷಕ್ಕೆ ಮೀನಖಂಡ ಬೆಂಕಿಯಾಗುತ್ತದೆ. ಪಾದದ ಮುಕ್ಕಾಲು ಭಾಗ ಮೆಟ್ಟಿಲ ಮೇಲಿಟ್ಟು ಹಿಮ್ಮಡಿಯ ಕಡೆಯಿಂದ ಒತ್ತಿ. ಕೆಲಸ ತೊಡೆಗೂ ನಿತಂಬಕ್ಕೂ ಹೋಗಬೇಕು. ಮೂರನೆಯದು ಕೆಳಗೆ ನೋಡುವುದು. ಕಣ್ಣು ಎದುರಿಗಿರಲಿ.

ಹತ್ತು ವಾರದ ಕ್ರಮ ಹೀಗೆ. ಮೊದಲೆರಡು ವಾರ ಭಾರವಿಲ್ಲದೆ, ನಿಮಿಷಕ್ಕೆ 60ರಂತೆ 5 ನಿಮಿಷ, ವಾರಕ್ಕೆ ಮೂರು ದಿನ. ಮೂರನೇ ವಾರ 10 ಪೌಂಡು, ಆಮೇಲೆ ವಾರವಾರಕ್ಕೆ 10 ಏರಿಸುತ್ತಾ ಏಳನೇ ವಾರಕ್ಕೆ 50. ಪ್ರತಿ ದಿನ ಮೂರು ನಿಮಿಷದ ಮೂರು ಸುತ್ತು, ನಡುವೆ ಮೂರು ನಿಮಿಷ ವಿಶ್ರಾಂತಿ. ಎಂಟು, ಒಂಬತ್ತನೇ ವಾರ ಹೆಗಲ ಚೀಲವೂ ಸೇರಿ 75 ಪೌಂಡು, ವಾರಕ್ಕೆ ಎರಡೇ ದಿನ. ಹತ್ತನೇ ವಾರ ಹಗುರ. ಒಂದು ವಾರದ ತೂಕ ಕೈಬಿಟ್ಟು ಹತ್ತಲಾಗದಿದ್ದರೆ ಮುಂದಿನ ವಾರ ಏರಿಸಬೇಡಿ, ಪರೀಕ್ಷೆಯ ದಿನವನ್ನೇ ಮುಂದಕ್ಕೆ ಹಾಕಿ. ಹೃದಯ, ಬೆನ್ನು, ಮಂಡಿಯ ತೊಂದರೆಯಿದ್ದವರು ವೈದ್ಯರನ್ನು ಕೇಳದೆ ಭಾರ ಹೊರಬಾರದು.

ಹಿತ್ತಲಲ್ಲೇ ಆಗುವಂಥವು

ಮಿಕ್ಕ ಘಟ್ಟಗಳಿಗೆ ದುಬಾರಿ ಸಾಮಾನು ಬೇಡ. ಹೋಸ್ ಎಳೆತದಲ್ಲಿ 75 ಅಡಿ ಹೋಗಿ, ಗುರುತಿಗೆ ಇಟ್ಟ ಡ್ರಮ್ಮಿನ ಬಳಿ 90 ಡಿಗ್ರಿ ತಿರುಗಿ, ಇನ್ನೂ 25 ಅಡಿ ಹೋಗಿ, ಗುರುತಿನ ಚೌಕದಲ್ಲಿ ಒಂದಾದರೂ ಮಂಡಿಯೂರಿ 50 ಅಡಿ ಗುರುತು ಬರುವತನಕ ಹೋಸನ್ನು ಸೇದಬೇಕು. ಒಂದು ಹಳೆಯ ಟೈರಿಗೆ ಹಗ್ಗ ಕಟ್ಟಿದರೆ ಎರಡು ಭಾಗವೂ ಅಭ್ಯಾಸವಾಗುತ್ತದೆ. ಸೇದುವಾಗ ಮಂಡಿ ನೆಲದಿಂದ ಎದ್ದರೆ ಒಂದು ಎಚ್ಚರಿಕೆ, ಇನ್ನೊಮ್ಮೆ ಎದ್ದರೆ ಫೇಲು. ಏಣಿಯ ಘಟ್ಟದಲ್ಲಿ 24 ಅಡಿಯ ಅಲ್ಯೂಮಿನಿಯಂ ಏಣಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಹಿಡಿದು ನಿಲ್ಲಿಸಬೇಕು, ಬದಿಯ ಕಂಬಿ ಹಿಡಿಯುವಂತಿಲ್ಲ, ಮೆಟ್ಟಿಲು ಬಿಡುವಂತಿಲ್ಲ. ಮೊದಲೇ ನಿಲ್ಲಿಸಿಟ್ಟ ಎರಡನೇ ಏಣಿಯ ಮೇಲ್ಭಾಗ ಏರಿಸುವ ಹಗ್ಗವನ್ನು ಬಾವಿಯಿಂದ ಕೊಡ ಸೇದುವಂತೆ ಕೈಮೇಲೆ ಕೈಯಿಟ್ಟು ಎಳೆದು, ಹಾಗೆಯೇ ಇಳಿಸಬೇಕು. ಇಳಿಸುವಾಗಲೇ ಜನ ಆತುರಪಡುತ್ತಾರೆ. ಹಗ್ಗ ಕೈಜಾರಿದರೆ ಅಲ್ಲಿಗೇ ಮುಗಿಯಿತು.

ಗರಗಸಗಳಿಗೆ ಬದಲಾಗಿ ಎರಡು ಡಂಬೆಲ್ ಹಿಡಿದು 150 ಅಡಿ ನಡೆಯಿರಿ. ಪರೀಕ್ಷೆಯಲ್ಲಿ ಗರಗಸ ನೆಲಕ್ಕಿಟ್ಟು ಹಿಡಿತ ಸರಿಮಾಡಿಕೊಳ್ಳಲು ಅನುಮತಿ ಇದೆ; ಬೀಳಿಸಿದರೆ ಫೇಲು. ಹಿಡಿತ ಸಡಿಲವಾಗುತ್ತಿದೆ ಅನಿಸಿದ ಕೂಡಲೇ ಇಡಿ, ಎರಡು ಸೆಕೆಂಡು ಹೋದರೆ ಹೋಗಲಿ. ಸಮ್ಮಟಿಗೆ 10 ಪೌಂಡಿನದು. ಲಾರಿ ಟೈರಿಗೆ ಅಡ್ಡಡ್ಡಲಾಗಿ ಬೀಸಿ, ಬಲ ಸೊಂಟದ ತಿರುವಿನಿಂದ ಬರಲಿ. ಸುರಂಗ 64 ಅಡಿ, ಮೂರಡಿ ಎತ್ತರ, ಎರಡು ತಿರುವು. ಒಂದು ಕೈ ಯಾವಾಗಲೂ ಒಂದೇ ಗೋಡೆಗೆ ತಾಗಿರಲಿ.

ಹೆಚ್ಚು ಗಮನ ಬೇಡುವುದು ಗೊಂಬೆ. 165 ಪೌಂಡು (74.84 ಕೆ.ಜಿ.), 35 ಅಡಿ ಹೋಗಿ ಡ್ರಮ್ಮು ಸುತ್ತಿ 35 ಅಡಿ ವಾಪಸು, ಗೊಂಬೆ ಪೂರ್ತಿಯಾಗಿ ಗೆರೆ ದಾಟಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ 50 ಪೌಂಡಿನ ಮರಳು ಚೀಲ ಸಿಗುತ್ತದೆ. ಮೂರನ್ನು ಗಟ್ಟಿಯಾದ ಡಫಲ್ ಬ್ಯಾಗಿಗೆ ಹಾಕಿ, ಮೇಲೆ 15 ಪೌಂಡು ಸೇರಿಸಿ, ಹಿಡಿಕೆಗೆ ಅಗಲವಾದ ಪಟ್ಟಿ ಹೊಲಿಸಿ. ಸೊಂಟ ತಗ್ಗಿಸಿ, ಬೆನ್ನು ನೆಟ್ಟಗಿಟ್ಟು, ಸಣ್ಣ ಹೆಜ್ಜೆಯಲ್ಲಿ ಹಿಂದಕ್ಕೆ. ಭಾರ ಒಮ್ಮೆ ಚಲಿಸಿದ ಮೇಲೆ ನಿಲ್ಲಿಸಬೇಡಿ. ನಿಂತ ಮರಳನ್ನು ಮತ್ತೆ ಕದಲಿಸಲು ಬೇಕಾದ ಶಕ್ತಿ ಎಳೆಯುತ್ತಿರುವುದಕ್ಕಿಂತ ಹೆಚ್ಚು. ಡ್ರಮ್ಮಿಗೆ ಗೊಂಬೆ ತಾಗಿದರೆ ತಪ್ಪಿಲ್ಲ, ನೀವು ಅದನ್ನು ಹಿಡಿದರೆ ಎಚ್ಚರಿಕೆ.

ಕೊನೆಯದು ಚಾವಣಿ. 60 ಪೌಂಡಿನ ಬಾಗಿಲನ್ನು ಕೋಲಿನಿಂದ ಮೂರು ಸಲ ಮೇಲಕ್ಕೆ ನೂಕಬೇಕು, 80 ಪೌಂಡಿನ ಹಿಡಿಕೆಗೆ ಕೊಕ್ಕೆ ಹಾಕಿ ಐದು ಸಲ ಕೆಳಕ್ಕೆ ಎಳೆಯಬೇಕು. ಹೀಗೆ ನಾಲ್ಕು ಸುತ್ತು. ಒಟ್ಟು 12 ನೂಕು, 20 ಎಳೆತ. ದೋಟಿಯಿಂದ ಕಾಯಿ ಕೀಳುವವರನ್ನು ನೋಡಿದವರಿಗೆ ಗುಟ್ಟು ಗೊತ್ತು: ತೋಳಿನಿಂದ ಎಳೆಯುವುದಲ್ಲ, ಕೋಲನ್ನು ಮೈಗೆ ಹತ್ತಿರ ಹಿಡಿದು ಮಂಡಿ ಮಡಿಸಿ ಮೈಭಾರದಿಂದ ಜಗ್ಗುವುದು. ನೂಕುವಾಗ ಕಾಲಿನಿಂದ ಏಳುವುದು. ಜಿಮ್ಮಿನಲ್ಲಿ ಕೇಬಲ್ ಯಂತ್ರಕ್ಕೆ ಹಗ್ಗ ಹಾಕಿ ಕೆಳಕ್ಕೆಳೆದರೆ ಸಾಕಷ್ಟು ಹತ್ತಿರದ ಅಭ್ಯಾಸ. ಅರೆಬರೆ ನೂಕು ಲೆಕ್ಕಕ್ಕೆ ಬರುವುದಿಲ್ಲ, ಶಕ್ತಿ ಮಾತ್ರ ಖರ್ಚು.

ಇವನ್ನೆಲ್ಲ ಬಿಡಿಬಿಡಿಯಾಗಿ ಮಾಡುವವರೇ ಪರೀಕ್ಷೆಯಲ್ಲಿ ಕಂಗಾಲಾಗುವುದು. ಏಳನೇ ವಾರದಿಂದ ಶನಿವಾರಗಳನ್ನು ಜೋಡಣೆಗೆ ಮೀಸಲಿಡಿ: ಸ್ಟೆಪ್‌ಮಿಲ್ 3 ನಿಮಿಷ 20 ಸೆಕೆಂಡು, 20 ಸೆಕೆಂಡು ನಡಿಗೆ, ಕೂಡಲೇ ಟೈರು, ಮತ್ತೆ ನಡಿಗೆ, ಡಂಬೆಲ್, ನಡಿಗೆ, ಸಮ್ಮಟಿಗೆ, ನಡಿಗೆ, ಮರಳಿನ ಚೀಲ, ನಡಿಗೆ, ಕೇಬಲ್. ಆ 85 ಅಡಿಯಲ್ಲಿ ಮೂಗಿನಿಂದ ಎಳೆದು ಬಾಯಿಂದ ನಿಧಾನವಾಗಿ ಬಿಡುವ ನಾಲ್ಕೈದು ಉಸಿರು ಹಿಡಿಸುತ್ತದೆ. ಅದನ್ನೂ ಅಭ್ಯಾಸ ಮಾಡಿ.

ಕೈಗವಸು, ಗಲ್ಲಪಟ್ಟಿಯ ಹೆಲ್ಮೆಟ್ಟು ಎರಡೂ ಕಡ್ಡಾಯ, ಉದ್ದ ಪ್ಯಾಂಟು ಮತ್ತು ಮುಚ್ಚಿದ ಶೂ ಕೂಡ. ಕೈಗಡಿಯಾರ, ಸಡಿಲ ಆಭರಣ ಬೇಡ; ಸರ, ಕಡಗ ಮನೆಯಲ್ಲೇ ಬಿಟ್ಟು ಹೋಗಿ. ಕೇಂದ್ರದಲ್ಲಿ ಕೊಡುವ ಕೈಗವಸಿಗೆ ಕಾಯದೆ ತೆಳು ಚರ್ಮದ ಜೋಡಿಯೊಂದನ್ನು ಈಗಲೇ ಕೊಂಡು, ಪರಿಚಯ ತರಗತಿಯಲ್ಲಿ ಅದಕ್ಕೆ ಒಪ್ಪಿಗೆ ಕೇಳಿಕೊಂಡು, ಹಗ್ಗ ಸೇದಿ ಸೇದಿ ಮೆತ್ತಗೆ ಮಾಡಿಕೊಳ್ಳಿ. ಹೊಸ ಕೈಗವಸಿನಲ್ಲಿ ಏಣಿಯ ಹಗ್ಗ ಜಾರುತ್ತದೆ.