ತೋಳಿಗೆ ಸುತ್ತುವ ಬಿಪಿ ಯಂತ್ರ: ಹದಿನಾಲ್ಕು ತಿಂಗಳ ಬಳಕೆಯ ನಂತರ

ರಕ್ತದೊತ್ತಡವಿದೆಯೆಂದು ಗೊತ್ತಾಗಿ ಆರು ವರ್ಷವಾಗಿದ್ದರೂ ನಾನು ಮನೆಗೆ ಬಿಪಿ ಯಂತ್ರ ತಂದದ್ದು ಹದಿನಾಲ್ಕು ತಿಂಗಳ ಹಿಂದೆ. ಅಲ್ಲಿಯವರೆಗೆ ನನ್ನ ಬಿಪಿ ಏರಿದ್ದು ನನಗೆ ತಾನಾಗಿಯೇ ತಿಳಿಯುತ್ತದೆಂಬ ನಂಬಿಕೆಯಿತ್ತು. ಹಿಂದಲೆ ಭಾರವಾದರೆ ಏರಿದೆ, ಮೈ ಹಗುರವಾಗಿದ್ದರೆ ಸರಿಯಿದೆ ಎಂಬ ಲೆಕ್ಕದ ಮೇಲೆಯೇ ಮಾತ್ರೆಯೂ ನಡೆಯುತ್ತಿತ್ತು. ಚೆನ್ನಾಗಿದ್ದೇನೆ ಅನ್ನಿಸಿದ ವಾರದಲ್ಲಿ ಎರಡು ಮೂರು ದಿನ ಅದು ತಪ್ಪಿಹೋಗುತ್ತಿತ್ತು. ಯಂತ್ರ ಬಂದ ಮೊದಲ ವಾರವೇ ಈ ಲೆಕ್ಕ ಬುಡಮೇಲಾಯಿತು. ತಲೆನೋವಿದ್ದ ದಿನ 126/80, ಉತ್ಸಾಹದಿಂದ ಓಡಾಡಿಕೊಂಡಿದ್ದ ದಿನ 158/94. ಅಧಿಕ ರಕ್ತದೊತ್ತಡ ಸಾಮಾನ್ಯವಾಗಿ ಯಾವ ಲಕ್ಷಣವನ್ನೂ ತೋರುವುದಿಲ್ಲವೆಂದು ವೈದ್ಯರು ಎಷ್ಟೋ ಸಲ ಹೇಳಿದ್ದರು. ಕಣ್ಣಾರೆ ಕಂಡ ಮೇಲೆ ಮಾತ್ರೆ ತಪ್ಪಿಲ್ಲ. ಈ ಒಂದು ಕಾರಣಕ್ಕೇ ಕೊಟ್ಟ ಹಣ ಸಾರ್ಥಕವೆನ್ನುತ್ತೇನೆ.

ಯಂತ್ರ ಸರಳವಾಗಿದೆ. ಸ್ಟೆತಸ್ಕೋಪಿನಿಂದ ಶಬ್ದ ಆಲಿಸುವ ಬದಲು, ರಕ್ತನಾಳದ ಮಿಡಿತದಿಂದ ಪಟ್ಟಿಯ ಗಾಳಿಯಲ್ಲಿ ಏಳುವ ಸಣ್ಣ ಕಂಪನಗಳನ್ನು ಹಿಡಿದು ಅದು ಒತ್ತಡವನ್ನು ಲೆಕ್ಕಹಾಕುತ್ತದೆ. ಅಳೆಯುವಾಗ ಮಾತನಾಡಿದರೆ, ಕಾಲಮೇಲೆ ಕಾಲು ಹಾಕಿ ಕೂತರೆ ಅಥವಾ ತೋಳಿಗೆ ಆಧಾರವಿಲ್ಲದಿದ್ದರೆ ಅಂಕಿ ಏರುತ್ತದೆ. ಐದು ನಿಮಿಷ ಸುಮ್ಮನೆ ಕೂತು, ಕೈಕೆಳಗೆ ದಿಂಬಿಟ್ಟು ಪಟ್ಟಿಯನ್ನು ಎದೆಯ ಮಟ್ಟಕ್ಕೆ ತಂದುಕೊಂಡು ಅಳೆಯಬೇಕು. ನನ್ನ ನಿಜವಾದ ದೂರು ಪಟ್ಟಿಯದು. ಯಂತ್ರದೊಂದಿಗೆ ಬಂದದ್ದು 22ರಿಂದ 32 ಸೆಂಟಿಮೀಟರ್ ಸುತ್ತಳತೆಯ ತೋಳಿನದು, ನನ್ನ ತೋಳು 34. ಪಟ್ಟಿ ಚಿಕ್ಕದಾದರೆ ಒತ್ತಡ ಇದ್ದದ್ದಕ್ಕಿಂತ ಹೆಚ್ಚು ತೋರುತ್ತದೆಂಬ ಸಂಗತಿಯನ್ನು ಕಂಪನಿ ಕೈಪಿಡಿಯ ಕೊನೆಯ ಪುಟದಲ್ಲಿ ಇರುವೆಯ ಗಾತ್ರದ ಅಕ್ಷರಗಳಲ್ಲಿ ಮುದ್ರಿಸಿದೆ. ದೊಡ್ಡ ಪಟ್ಟಿಯನ್ನು ಬೇರೆಯಾಗಿ ಕೊಳ್ಳುವಷ್ಟರಲ್ಲಿ ಒಂದು ತಿಂಗಳು ಅನಗತ್ಯವಾಗಿ ಹೆದರಿ ಕಳೆದಿದ್ದೆ.

ಆ ಹೆದರಿಕೆ ಪಟ್ಟಿ ಬದಲಾದ ಮೇಲೂ ಪೂರ್ತಿ ಹೋಗಲಿಲ್ಲ. ದಿನಕ್ಕೆ ಏಳೆಂಟು ಬಾರಿ ಅಳೆಯುತ್ತಿದ್ದೆ, ನಡುರಾತ್ರಿ ಎಚ್ಚರವಾದರೂ ಅಳೆಯುತ್ತಿದ್ದೆ. ಹೆಚ್ಚು ಬಂದರೆ ಮತ್ತೆ ಪಟ್ಟಿ ಬಿಗಿದು, ಕಡಿಮೆ ಬರುವವರೆಗೆ ಒತ್ತುತ್ತಾ ಕೂತು, ಕೊನೆಯ ಒಳ್ಳೆಯ ಅಂಕಿಯನ್ನಷ್ಟೇ ಪುಸ್ತಕದಲ್ಲಿ ಬರೆಯುತ್ತಿದ್ದೆ. ಮುಂದಿನ ಭೇಟಿಯಲ್ಲಿ ವೈದ್ಯರು ಪುಸ್ತಕವನ್ನು ಪಕ್ಕಕ್ಕಿಟ್ಟು ಯಂತ್ರದ ‘ಎಂ’ ಗುಂಡಿಯನ್ನು ಒಂದೊಂದಾಗಿ ಒತ್ತುತ್ತಾ ಹೋದರು. ನಾನು ಬರೆಯದೆ ಬಿಟ್ಟದ್ದೆಲ್ಲ ಅದರ ಪರದೆಯ ಮೇಲೆ, ತಾರೀಖು ಗಂಟೆಗಳ ಸಮೇತ, ಸಾಲಾಗಿ ಬಂತು. ಅವರು ನಕ್ಕರು, ನಾನು ನಗಲಿಲ್ಲ. ನೆನಪಿನ ಸೌಲಭ್ಯವಿಲ್ಲದ ಯಂತ್ರವನ್ನು ಯಾರೂ ಕೊಳ್ಳಬಾರದೆಂದು ನಾನು ಹೇಳುವುದು ಈ ಅನುಭವದಿಂದಲೇ.

ಅಂಕಿಯೊಂದು ಕೈಗೆ ಸಿಕ್ಕಿದಾಗ ಮನುಷ್ಯ ತನ್ನನ್ನು ಮೊದಲಿಗಿಂತ ಹೆಚ್ಚು ರೋಗಿಯೆಂದು ಎಣಿಸಿಕೊಳ್ಳುವುದು ನನ್ನೊಬ್ಬನ ದೌರ್ಬಲ್ಯವೇನಲ್ಲ. ಕೆನಡಾದ ಉಕ್ಕಿನ ಕಾರ್ಖಾನೆಯ ಕಾರ್ಮಿಕರ ಬಗ್ಗೆ 1978ರಲ್ಲಿ ಪ್ರಕಟವಾದ ಅಧ್ಯಯನವೊಂದು, ತಪಾಸಣೆಯಲ್ಲಿ ರಕ್ತದೊತ್ತಡವಿದೆಯೆಂದು ಹೊಸದಾಗಿ ತಿಳಿದವರು ಅನಾರೋಗ್ಯದ ಕಾರಣಕ್ಕೆ ಕೆಲಸಕ್ಕೆ ಗೈರಾಗುವುದು ಗಣನೀಯವಾಗಿ ಹೆಚ್ಚಿತೆಂದು ತೋರಿಸಿತು. ಅವರ ದೇಹ ಒಂದೇ ದಿನದಲ್ಲಿ ಕೆಟ್ಟಿರಲಿಲ್ಲ, ಕಾಯಿಲೆಯ ಹೆಸರು ಮಾತ್ರ ಹೊಸದಾಗಿ ಬಂದಿತ್ತು. ನಾನೂ ಅಂಕಿ ಹೆಚ್ಚಿದ್ದ ಬೆಳಿಗ್ಗೆ ನಡಿಗೆಗೆ ಹೋಗದೆ ಮಲಗಿದ್ದುಂಟು. ನಡಿಗೆ ಬಿಪಿಯನ್ನು ಇಳಿಸುತ್ತದೆಂದು ಗೊತ್ತಿದ್ದವನು ಮಾಡಿದ ಕೆಲಸವಿದು.

ವೈದ್ಯರು ಕೊಟ್ಟ ಕ್ರಮದಿಂದ ಇದು ಹತೋಟಿಗೆ ಬಂತು. ಪ್ರತಿ ಭೇಟಿಗೆ ಮುನ್ನ ಏಳು ದಿನ, ಬೆಳಿಗ್ಗೆ ಸಂಜೆ, ಒಂದು ನಿಮಿಷದ ಅಂತರದಲ್ಲಿ ಎರಡೆರಡು ಬಾರಿ ಅಳೆದು, ಮೊದಲ ದಿನದ್ದನ್ನು ಬಿಟ್ಟು ಸರಾಸರಿ ತೆಗೆಯಬೇಕು. ಆಸ್ಪತ್ರೆಯಲ್ಲಿ ಬಿಪಿ ಹೆಚ್ಚೆನ್ನುವ 140/90ರ ಗಡಿಗೆ ಮನೆಯಲ್ಲಿ 135/85 ಸಮ. ಉಳಿದ ದಿನಗಳಲ್ಲಿ ಯಂತ್ರ ಕಪಾಟಿನಲ್ಲಿರುತ್ತದೆ. ಹೃದಯದ ಬಡಿತ ಏರುಪೇರಾಗುವ ಕಾಯಿಲೆಯಿರುವವರಲ್ಲಿ ಇಂಥ ಯಂತ್ರಗಳ ಅಳತೆ ತಪ್ಪಬಹುದು. ಅವರು ವೈದ್ಯರನ್ನು ಕೇಳಿಯೇ ಕೊಳ್ಳಬೇಕು.

ಪರದೆಗೆ ಬೆಳಕಿಲ್ಲ, ಕತ್ತಲಲ್ಲಿ ಅಂಕಿ ಕಾಣುವುದಿಲ್ಲ ಎಂದು ಮೊದಲ ತಿಂಗಳಲ್ಲಿ ದೂರು ಬರೆಯಲು ಹೊರಟಿದ್ದೆ. ಈಗ ಅದನ್ನು ಕೊರತೆಗಳಲ್ಲಿ ಸೇರಿಸುತ್ತಿಲ್ಲ.